ಗಾಡಿ ಕಾದೈತ್ರಿ, ಬಾಯಾರ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಸುಳ್ಳೇನಲ್ಲ. ಆ ಸಿಟ್ಟಿನ ಕೈಗೆ ಸ್ಟೇರಿಂಗ್ ಕೊಟ್ಟು ನಾನು ಒಮ್ಮೆ ಒಳ್ಳೆಯದೊಂದು ಇಂಜಿನ್ ಸುಟ್ಟೆ. ಅದಾದ ಮೇಲೂ ನನ್ನ ಮನೆಯಲ್ಲಿ ದೀಪ ಉರಿಯಿತು ಅಂದರೆ ಅದಕ್ಕೆ ಕಾರಣ ಮಾಟುಂಗದ ಒಬ್ಬ ಡಾಕ್ಟರಮ್ಮ, ಮತ್ತು ಬೆರಳುದ್ದದ ಒಂದು ಹಿತ್ತಾಳೆಯ ತುಂಡು. ಡಾಕ್ಟರಮ್ಮ ಈಗಿಲ್ಲ. ಇದ್ದಾಗ ಅವರೆದುರು ಹೀಗೆಲ್ಲ ಹೇಳಿದ್ದರೆ "ಸಾಕು ಮಾರಾಯಾ, ಗಾಡಿ ತೆಗಿ" ಎಂದು ಗದರಿಸುತ್ತಿದ್ದರು.

ಐವತ್ತರ ದಶಕದ ಮಾತು. ಧಾರವಾಡದ ಕಡೆ ಲಾರಿ ಓಡಿಸಿಕೊಂಡಿದ್ದ ನಾನು ಮುಂಬಯಿಗೆ ಬಂದದ್ದು ದುಡಿಮೆಗಿಂತ ಹೆಚ್ಚಾಗಿ ಹೆದರಿಕೆಯಿಂದ. ನಮ್ಮ ಮೊದಲ ಕೂಸು ಹುಟ್ಟುವಾಗಲೇ ಹೋಗಿತ್ತು. ನಮ್ಮ ಹಳ್ಳಿಗೆ ಡಾಕ್ಟರು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು; ಹೆಂಡತಿ ಉಳಿದದ್ದೇ ಹೆಚ್ಚು. ಅವಳ ಅಣ್ಣ ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿದ್ದ. ಅವನ ಚಾಳಿನಲ್ಲೇ ಒಂದು ಖೋಲಿ ಹಿಡಿದು, ಲೋಕಲ್ ಹತ್ತಿ ಮಾಟುಂಗಕ್ಕೆ ಹೋಗಿ ಕೆಲಸ ಕೇಳಿದೆ. ಡಾಕ್ಟರಮ್ಮ ಹೆರಿಗೆಯ ಡಾಕ್ಟರು, ಉಡುಪಿ ಕಡೆಯವರು, ಒಂಟಿ ಹೆಂಗಸು. ಕೆಳಗೆ ಉಡುಪಿ ಹೋಟೆಲು, ಮೇಲೆ ಅವರ ದವಾಖಾನೆ.

"ಡ್ರೈವಿಂಗ್ ಸರಿಯಾಗಿ ಬರ್ತದಾ?" ಎಂದು ಕೇಳಿದರು.

"ಬರ್ತೈತ್ರಿ. ಆದ್ರ ಒಂದ ಮಾತು. ನನ್ನ ಹೆಂಡತಿ ಹೆರಿಗಿ ನೀವ ಮಾಡಿಸ್ಬೇಕ್ರಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಬಸುರಿಯಾ ಅವಳು?"

"ಇನ್ನೂ ಇಲ್ರಿ."

"ಎಂತ ಮಾರಾಯಾ ನೀನು! ಡ್ರೈವಿಂಗ್ ಕೇಳಿದ್ರೆ ಹೆರಿಗೆ ಮಾತಾಡ್ತೀಯಲ್ಲ!" ಎಂದು ನಕ್ಕರು. ಆಮೇಲೆ ನನ್ನ ಮುಖದಲ್ಲಿ ಏನು ಕಂಡಿತೋ, ನಗು ನಿಲ್ಲಿಸಿ "ಆಯ್ತು, ಮಾಡುವಾ" ಎಂದರು. ಆ ‘ಮಾಡುವಾ’ ಎಂಬ ಒಂದು ಮಾತಿಗಾಗಿ ನಾನು ಅವರ ಗಾಡಿಯನ್ನು ಮುಖ ಕಾಣುವಷ್ಟು ಹೊಳೆಯಿಸಿದೆ. ಸಂಜೆ ಮನೆಗೆ ಹೋಗಿ ಹೇಳಿದಾಗ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ರೊಟ್ಟಿ ಬಡಿದಳು.

ನಮ್ಮಿಬ್ಬರದೂ ಕನ್ನಡವೇ. ಆದರೆ ಅವರದು ಸಮುದ್ರದ ದಂಡೆಯದು, ನನ್ನದು ಎರೆಮಣ್ಣಿನದು. ಅವರು ‘ಉಂಟು’ ಎಂದರೆ ನನಗೆ ಮೊದಮೊದಲು ಊಟದ ಮಾತೇನೋ ಅನಿಸುತ್ತಿತ್ತು. ನಾನು "ಹೌದಲ್ರೀ ಮತ್ತ!" ಎಂದರೆ ಇವನು ಜಗಳಕ್ಕೆ ಬಂದ ಅಂದುಕೊಳ್ಳುತ್ತಿದ್ದರು. ನಾನು ಅವರನ್ನು ನಮ್ಮ ಕಡೆಯ ಪದ್ಧತಿಯಂತೆ ‘ಬಾಯಾರ’ ಎಂದು ಕರೆಯುತ್ತಿದ್ದೆ. "ನನಗೆ ಬಾಯಾರಿಕೆ ಆಗ್ತಾ ಇಲ್ಲ" ಎಂದು ಅವರು ತಮಾಷೆ ಮಾಡುತ್ತಿದ್ದರು. ಇಬ್ಬರಿಗೂ ಸಿಟ್ಟು ಬೇಗ, ಇಳಿಯುವುದೂ ಬೇಗ. ಹೇಗೋ ನಡೆಯುತ್ತಿತ್ತು.

ಗಾಡಿ ಇಂಗ್ಲೆಂಡಿನದು, ಕರಿಯದು, ಇವರಿಗಿಂತ ಮೊದಲು ಇಬ್ಬರ ಕೈ ದಾಟಿ ಬಂದದ್ದು. ಸ್ಟೇರಿಂಗಿನ ಮುಂದೆ ಇಂಜಿನ್ನಿನ ಬಿಸಿ ತೋರಿಸುವ ಒಂದು ದುಂಡು ಗಾಜಿನ ಮೀಟರ್. ಅದರ ಮುಳ್ಳು ಎಡಕ್ಕಿದ್ದರೆ ತಂಪು, ಬಲತುದಿಯ ೨೧೨ ಡಿಗ್ರಿ ಫ್ಯಾರನ್‌ಹೀಟಿಗೆ ಹೋದರೆ ನೀರು ಕುದಿಯುತ್ತಿದೆ ಎಂದು ಅರ್ಥ. ಈಗಿನ ಗಾಡಿಗಳಲ್ಲಿ ಈ ಕೆಲಸಕ್ಕೆ ತಂತಿ ಕಟ್ಟಿದ ಪುಟ್ಟ ಸೆನ್ಸರ್ ಇರುತ್ತದೆ, ಕೆಟ್ಟರೆ ಬಿಚ್ಚಿ ಬೇರೆ ಹಾಕಿದರಾಯಿತು. ಆಗ ಹಾಗಲ್ಲ. ಮೀಟರಿನ ಬೆನ್ನಿನಿಂದ ಹೊರಟ ಒಂದು ಸಣ್ಣ ತಾಮ್ರದ ಕೊಳವೆ, ಊದುಬತ್ತಿಯಷ್ಟೂ ದಪ್ಪವಿಲ್ಲದ್ದು, ಗಾಡಿಯ ಮುಂಗೋಡೆ ದಾಟಿ ಇಂಜಿನ್ನಿನೊಳಕ್ಕೆ ಹೋಗುತ್ತಿತ್ತು. ಅದರ ತುದಿಗೆ ಬೆರಳುದ್ದದ ಹಿತ್ತಾಳೆ ಬಲ್ಬು, ಅದು ಇಂಜಿನ್ನಿನ ನೀರಿನಲ್ಲಿ ಮುಳುಗಿಕೊಂಡಿರುತ್ತಿತ್ತು. ಬಲ್ಬಿನೊಳಗಿನ ದ್ರವ ಬಿಸಿಯಾದಂತೆ ಉಬ್ಬಿ, ಕೊಳವೆಯ ದಾರಿಯಲ್ಲಿ ಒತ್ತಿ ಮುಳ್ಳನ್ನು ಎತ್ತುತ್ತಿತ್ತು. ಮೀಟರು, ಕೊಳವೆ, ಬಲ್ಬು ಮೂರೂ ಸೇರಿ ಒಂದೇ ತುಂಡು. ಕೊಳವೆಯಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟರೂ ದ್ರವ ಹಾರಿಹೋಗಿ ಮುಳ್ಳು ಎಡಗಡೆ ಮಲಗಿಬಿಡುತ್ತಿತ್ತು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಆಗ ನನಗೆ ಅದು ಸ್ಟೇರಿಂಗಿನ ಕೆಳಗೆ ಹಾದುಹೋಗುವ ಒಂದು ಗಟ್ಟಿ ತಂತಿ, ಅಷ್ಟೇ. ಏನಾದರೂ ತೂಗುಹಾಕಲು ಅನುಕೂಲ. ಊರಿನಿಂದ ಹೊರಡುವಾಗ ನನ್ನವ್ವ ಒಂದು ವಿಭೂತಿ ಗಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟಿದ್ದಳು. "ಗಾಡ್ಯಾಗ ಕಟ್ಕೋ. ನಿನ್ನನ್ನೂ ಕಾಯ್ತೈತಿ, ನಿನ್ನ ಗಾಡೀನೂ ಕಾಯ್ತೈತಿ" ಎಂದಿದ್ದಳು. ನಾನು ಅದನ್ನು ತಂದು ಆ ತಾಮ್ರದ ಕೊಳವೆಗೇ ಬಿಗಿಯಾಗಿ ಕಟ್ಟಿದೆ. ಗಾಡಿ ಹೋದಲ್ಲೆಲ್ಲ ಗಂಟು ಗಂಟೆಯ ಹಾಗೆ ತೂಗಾಡುತ್ತಿತ್ತು. ದಿನಾ ಬೆಳಗ್ಗೆ ಮುಟ್ಟಿ ನಮಸ್ಕಾರ ಮಾಡಿಯೇ ಗಾಡಿ ತೆಗೆಯುತ್ತಿದ್ದೆ.

ವರ್ಷ ತುಂಬುವುದರೊಳಗೆ ಹೆಂಡತಿ ಬಸುರಿಯಾದಳು. ಡಾಕ್ಟರಮ್ಮ ತಾವೇ ತಿಂಗಳಿಗೊಮ್ಮೆ ನೋಡಿ, "ಮೊದಲನೆಯದು ಅಡ್ಡ ಬಂದದ್ದು. ಇದೂ ಸ್ವಲ್ಪ ಜಾಗ್ರತೆ ಬೇಕು. ನಾನು ಇಲ್ಲದೆ ಯಾರೂ ಕೈ ಹಾಕಬಾರದು" ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಅವಳಿಗೆ ಏಳು ತಿಂಗಳಾಗಿದ್ದಾಗ ದಹಿಸರ್ ಪ್ರಸಂಗ ನಡೆಯಿತು.

ದಹಿಸರ್‌ನಲ್ಲಿ ಬೆಳಗಾವಿ ಕಡೆಯ ಬಟ್ಟೆ ವ್ಯಾಪಾರಿಯೊಬ್ಬರ ಸೊಸೆಗೆ ಹೆರಿಗೆ. ಬಿಸಿಲು ಏರಿದ ಮೇಲೆ ಹೋದೆವು. ಡಾಕ್ಟರಮ್ಮ ಒಳಗೆ ಹೋದರು, ನಾನು ಹೊರಗೆ. ಇಂಜಿನ್ನಿನಿಂದ ಸುಟ್ಟ ವಾಸನೆ, ಪಾದಕ್ಕೆ ಕಾವು. ಬಾನೆಟ್ ಎತ್ತಿದರೆ ರೇಡಿಯೇಟರಿನಲ್ಲಿ ಬುಳುಬುಳು ಸದ್ದು. ಮುಳ್ಳು ನೋಡಿದೆ, ಎಡಗಡೆ ತಣ್ಣಗೆ ಮಲಗಿತ್ತು. ಮುಳ್ಳು ಏನೇ ಹೇಳಲಿ, ಅರ್ಧ ತಾಸಾದರೂ ಗಾಡಿ ಆರಬೇಕು, ಆಮೇಲೆ ನೀರು ಹಾಕಬೇಕು. ಅವರು ಅವಸರ ಮಾಡಬಾರದೆಂದು ಆ ಮನೆಯ ಮುದುಕಿಯ ಹತ್ತಿರ ಹೇಳಿ ಕಳಿಸಿದೆ: "ಬಾಯಾರಿಗೆ ಹೇಳ್ರಿ ಆಯಿ, ಗಾಡಿ ಕಾದೈತಿ ಅಂತ."

ನಮ್ಮ ಕಡೆ ಒಲೆಯ ಮೇಲಿನ ನೀರೂ ಕಾಯುತ್ತದೆ, ಹಂಚೂ ಕಾಯುತ್ತದೆ, ಇಂಜಿನ್ನೂ ಕಾಯುತ್ತದೆ. ಕಾದೈತಿ ಅಂದರೆ ಬಿಸಿಯಾಗಿದೆ. ಇದರಲ್ಲಿ ತಿಳಿಯದಿರುವುದೇನು ಬಂತು? ಮುದುಕಿ ಒಳಗೆ ಹೋಗಿ ತಿರುಗಿ ಬಂದು, "ಡ್ರೈವರಗ ಇಷ್ಟ್ಯಾಕ ಅವಸರ, ಹೆರಿಗಿ ಮನ್ಯಾಗ ಹಿಂಗ ಹೇಳಿ ಕಳಸ್ತಾರೇನು ಅಂತ ಬೈದ್ರಪಾ" ಎಂದಳು. ನನಗೆ ಉರಿಯಿತು. ಒಳ್ಳೆಯದು ಹೇಳಲು ಹೋದರೆ ಬೈಗಳೇ?

ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಸರಸರ ಹೊರಗೆ ಬಂದು ಗಾಡಿಯಲ್ಲಿ ಕೂತರು. ತಾಯಿ ಮಗು ಕ್ಷೇಮ, ಆದರೆ ಮಾಟುಂಗದಲ್ಲಿ ಇನ್ನೊಬ್ಬಳಿಗೆ ನೋವು ಶುರುವಾಗಿದೆಯೆಂದು ಫೋನು ಬಂದಿತ್ತಂತೆ.

"ಗಾಡಿ ಕಾದೈತ್ರಿ, ಬಾಯಾರ."

"ಕಾದದ್ದು ಸಾಕು, ಹೊರಡು."

"ಅಲ್ರೀ, ಭಾಳ ಕಾದೈತಿ."

"ಎಂತ ಭಾಳ? ನಿನ್ನ ಕೆಲಸವೇ ಕಾಯುವುದು ಅಲ್ವಾ? ಅಲ್ಲೊಬ್ಬಳು ನೋವು ತಿನ್ನುತ್ತಾ ಇದ್ದಾಳೆ, ನಿನಗೆ ಇಲ್ಲಿ ನಿಂತದ್ದೇ ದೊಡ್ಡದಾಯ್ತಾ?"

ಅವರು ಕೇಳಿಸಿಕೊಂಡದ್ದು, ಗಾಡಿ ಅವರ ದಾರಿ ನೋಡುತ್ತ ಕಾದಿದೆ, ಡ್ರೈವರನಿಗೆ ಬೇಜಾರು ಬಂದಿದೆ ಅಂತ. ನನಗೆ ಅದು ಹೊಳೆಯಲಿಲ್ಲ. ಬಿಸಿ ಎಂಬ ಒಂದು ಮಾತು ಬಾಯಿಗೆ ಬಂದಿದ್ದರೆ ಮುಗಿಯುತ್ತಿತ್ತು. ಬರಲಿಲ್ಲ. ನಿಜ ಹೇಳುತ್ತೇನೆ, ಬಂದಿದ್ದರೂ ಆ ಗಳಿಗೆಯಲ್ಲಿ ಆಡುತ್ತಿರಲಿಲ್ಲವೇನೋ. ನಾನು ಮೂರು ಸಲ ಹೇಳಿಯಾಗಿದೆ, ಇವರಿಗೆ ಕಿವಿ ಇಲ್ಲವೆಂದರೆ ನಾನೇನು ಮಾಡಲಿ? ಸುಡಲಿ! ಹಲ್ಲು ಕಚ್ಚಿಕೊಂಡು ಗಾಡಿ ತೆಗೆದೆ.

ಘೋಡ್‌ಬಂದರ್ ರೋಡಿನಲ್ಲಿ ಬೋರಿವಲಿ ದಾಟುವಾಗಲೇ ಇಂಜಿನ್ ಟಕಟಕ ಅನ್ನತೊಡಗಿತು. ಕಾಂದಿವಲಿ ಹತ್ತಿರ ಬುಸ್ಸೆಂದು ಹಬೆ ಎದ್ದು ಮುಂದಿನ ರಸ್ತೆಯೇ ಕಾಣಲಿಲ್ಲ. ಆ ಹೊತ್ತಿನಲ್ಲೂ ಮುಳ್ಳು ಎಡಗಡೆಗೇ ಇತ್ತು. ಡಾಕ್ಟರಮ್ಮ ಮುಂದೆ ಬಾಗಿ ಅದನ್ನೇ ನೋಡಿದರು, ನನ್ನನ್ನೊಮ್ಮೆ ನೋಡಿದರು. ತಮ್ಮ ಬ್ಯಾಗು ತಾವೇ ಎತ್ತಿಕೊಂಡು ಬಿಸಿಲಿನಲ್ಲಿ ಸ್ಟೇಷನ್ನಿನ ಕಡೆ ನಡೆದರು. ಆ ವಯಸ್ಸಾದ ಹೆಂಗಸು ಹಾಗೆ ನಡೆದುಹೋಗುವುದನ್ನು ನೋಡಿದಾಗ ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಇಳಿದು ಏನು ಪ್ರಯೋಜನ?

ಮಾಟುಂಗದ ಆ ಹೆರಿಗೆ ಅವರು ಮುಟ್ಟುವ ಮೊದಲೇ ನರ್ಸಿನ ಕೈಯಲ್ಲಿ ಆಗಿತ್ತು. ದೇವರು ದೊಡ್ಡವನು, ಇಬ್ಬರೂ ಚೆನ್ನಾಗಿದ್ದರು. ಆದರೂ ಮಾರನೆಯ ದಿನ ಡಾಕ್ಟರಮ್ಮ ನನ್ನನ್ನು ಕೂರಲು ಸಹ ಹೇಳಲಿಲ್ಲ. "ಮುಳ್ಳು ತಣ್ಣಗೇ ಇತ್ತು, ನಾನು ಕಣ್ಣಾರೆ ನೋಡಿದ್ದೇನೆ. ಒಳಗೆ ನೀರೇ ಇಲ್ಲದಿದ್ರೆ ಮುಳ್ಳು ಏಳುವುದು ಹೇಗೆ? ನೀರು ಹಾಕದೆ ಗಾಡಿ ತಂದದ್ದು ನೀನು. ಕೇಳಿದ್ರೆ ಕಾದೆ ಕಾದೆ ಅಂತ ಗೊಣಗ್ತೀ. ಈ ತಿಂಗಳ ಕೊನೆಗೆ ಬೇರೆ ಕಡೆ ನೋಡಿಕೋ" ಎಂದರು.

"ಹೇಳೀನಲ್ರೀ ನಾನು!" ಎಂದು ನಾನೂ ಕೂಗಿದೆ. ಅವರು ಬಾಗಿಲು ತೋರಿಸಿದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಕೆಲಸ ಹೋದದ್ದರ ಮಾತೇ ಎತ್ತಲಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಹಂಗಾದ್ರ ಬಾಯಾರು ಬರಂಗಿಲ್ಲೇನು?" ಎಂದಳು. ಅಷ್ಟೇ. ಆ ತನಕ ನಾನು ನನ್ನ ಮರ್ಯಾದೆಯ ಲೆಕ್ಕ ಹಾಕುತ್ತಿದ್ದೆ, ಅವಳು ಆ ಕೂಸಿನ ಜೀವದ ಲೆಕ್ಕ ಹಾಕುತ್ತಿದ್ದಳು. ಡಾಕ್ಟರಮ್ಮನ ಕಾಲು ಹಿಡಿದಾದರೂ ಸರಿ, ಅವರು ಬರುವ ಹಾಗೆ ಮಾಡಲೇಬೇಕು ಎಂದುಕೊಂಡೆ.

ಇಂಜಿನ್ನಿನಲ್ಲಿ ಸುಟ್ಟುಹೋಗಿದ್ದ ಗ್ಯಾಸ್ಕೆಟ್ಟನ್ನು ದಾದರಿನ ಮಿಸ್ತ್ರಿಯೊಬ್ಬ ಬದಲಾಯಿಸಿಕೊಟ್ಟ. ಮುಳ್ಳಿನ ವಿಷಯ ಕೇಳಿದರೆ, "ಕಾಟಾ ಛೋಡ್ ದೋ. ಗಾಡಿ ಕಾಟೇ ಸೇ ಥೋಡೀ ಚಲ್ತೀ ಹೈ" ಎಂದ. ಮುಂಬಯಿಯವರಿಗೆ ಮುಳ್ಳು ಅಂದರೆ ಕಾಟಾ. ಸರಿಯಾದ ಹೆಸರೇ ಅಂದುಕೊಂಡೆ, ನನಗಂತೂ ಅದು ಕಾಟವೇ ಆಗಿತ್ತು. ಬಿಟ್ಟುಬಿಡು, ಗಾಡಿಯೇನು ಮುಳ್ಳಿನಿಂದ ಓಡುತ್ತದೆಯೇ ಅಂದರೆ ಬಿಡುವುದು ಹೇಗೆ? ಆ ಮುಳ್ಳು ಸುಳ್ಳು ಹೇಳಿತು ಅಂತ ತೋರಿಸಿದರಷ್ಟೇ ನನ್ನ ಮಾತು ನಿಜವಾಗುವುದು.

ಗಾಡಿ ಮಾಟುಂಗಕ್ಕೆ ವಾಪಸು ಬಂದ ದಿನ ಸ್ಟೇರಿಂಗಿನ ಕೆಳಗೆ ಅಂಗಾತ ಮಲಗಿ ಕೊಳವೆಯ ಜಾಡು ಹಿಡಿದು ಬೆರಳು ಆಡಿಸುತ್ತ ಹೋದೆ. ವಿಭೂತಿ ಗಂಟಿನ ಹತ್ತಿರ ಬಂದು ಬೆರಳು ನಿಂತಿತು. ಗಂಟು ಕಟ್ಟಿದ ಜಾಗದಲ್ಲೇ ಕೊಳವೆ ಬಾಗಿ, ತೂಗಾಡಿ ತೂಗಾಡಿ ಸವೆದು ಸೀಳು ಬಿಟ್ಟಿತ್ತು. ‘ಗಾಡಿ ಕಾಯ್ತೈತಿ’ ಎಂದು ಅವ್ವ ಕೊಟ್ಟಳು, ನಾನು ಕಟ್ಟಿದೆ, ಅದು ಗಾಡಿಯನ್ನು ಚೆನ್ನಾಗಿಯೇ ಕಾಯಿಸಿತು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಂಟು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಯಾರೂ ನೋಡಿರಲಿಲ್ಲ.

ಚೋರ್ ಬಜಾರಿನಲ್ಲಿ ಎರಡು ದಿನ ಅಲೆದು, ಅದೇ ಜಾತಿಯ ಒಂದು ಮುರುಕಲು ಗಾಡಿಯಿಂದ ಬಿಚ್ಚಿದ ಮೀಟರು, ಕೊಳವೆ, ಬಲ್ಬು ಒಟ್ಟಿಗೆ ಸಿಕ್ಕಿತು. ಕೊಳವೆ ಎಲ್ಲಿಯೂ ಮಡಿಚಬಾರದು. ಅದನ್ನು ದೊಡ್ಡ ಸುರುಳಿ ಮಾಡಿ ಎರಡೂ ಕೈಯಲ್ಲಿ ಹಿಡಿದು ಟ್ರಾಮಿನಲ್ಲಿ ಬಂದೆ. ಬಾಣಂತಿ ಕೂಸನ್ನೂ ಹಾಗೆ ಹಿಡಿದಿರಲಾರಳು. ಮೈಮೇಲೆ ಬಿದ್ದವರಿಗೆಲ್ಲ "ಸರಕೋ, ಸರಕೋ!" ಎಂದು ಬಾಯಿಗೆ ಬಂದಂತೆ ಕೂಗಿದೆ. ಏನೋ ಹಾವು ಹಿಡಿದಿದ್ದಾನೆ ಎಂದುಕೊಂಡು ಒಬ್ಬ ಪಾರ್ಸಿ ಮುದುಕ ಎದ್ದು ಜಾಗ ಕೊಟ್ಟ. ಅವನಿಗೂ ಒಳ್ಳೆಯದಾಗಲಿ.

ಹಳೆಯ ಬಲ್ಬು ಇಂಜಿನ್ನಿನ ತಲೆಯಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಶನಿವಾರ ಸಂಜೆ ಅದರ ನಟ್ಟಿನ ಸುತ್ತ ಸೀಮೆಎಣ್ಣೆ ಬಿಟ್ಟು ಹೋದೆ. ಭಾನುವಾರ ಬೆಳಗ್ಗೆ ರೇಡಿಯೇಟರಿನ ನೀರನ್ನು ಬಕೆಟ್ಟಿಗೆ ಇಳಿಸಿ, ನಟ್ಟಿಗೆ ಪಾನಾ ಹಾಕಿ ತಿರುಗಿಸಿದೆ. ಕದಲಲಿಲ್ಲ. ನನ್ನ ಸ್ವಭಾವಕ್ಕೆ ಎರಡು ಬಡಿದು ಎಳೆಯಬೇಕಿತ್ತು. ಬಡಿದರೆ ನಟ್ಟು ಮುರಿದು ಇಂಜಿನ್ನಿನ ತಲೆಯನ್ನೇ ಬಿಚ್ಚಬೇಕಾಗುತ್ತದೆ. ಹೆಂಡತಿಯ ಮುಖ ನೆನೆದು, ಸಣ್ಣ ಸುತ್ತಿಗೆಯಿಂದ ಕಟಕಟ ತಟ್ಟುತ್ತ, ಇನ್ನಷ್ಟು ಎಣ್ಣೆ ಬಿಡುತ್ತ, ಒಂದು ತಾಸು ಅದನ್ನು ಒಲಿಸಿಕೊಂಡೆ. ಕೊನೆಗೆ ಕಿರ್ರೆಂದು ತಿರುಗಿತು. ಜೀವಮಾನದಲ್ಲಿ ನಾನು ಅಷ್ಟು ತಾಳ್ಮೆ ತೋರಿಸಿದ್ದು ಅದೇ ಮೊದಲು. ಬಲ್ಬಿನ ಮೈಗೆ ಬಿಳಿಯ ಸುಣ್ಣದಂಥ ಹಕ್ಕಳೆ ಕಟ್ಟಿತ್ತು.

ಆಮೇಲೆ ಹಳೆಯದು, ಹೊಸದು ಎರಡನ್ನೂ ಎತ್ತಿಕೊಂಡು ಹೋಟೆಲಿನ ಅಡುಗೆಮನೆಗೆ ಹೋದೆ. ಹೊಸದನ್ನು ಹಾಕುವ ಮೊದಲು ಪರೀಕ್ಷೆ ಮಾಡಬೇಕಿತ್ತು, ಅದಕ್ಕೆ ಕುದಿಯುವ ನೀರು ಬೇಕು. ಅಡುಗೆ ಭಟ್ಟರು ಬೆವರೊರೆಸಿಕೊಳ್ಳುತ್ತ, "ಇದೆಂತದು ಮಾರಾಯ್ರೆ, ಸಾಂಬಾರಿಗೆ ಹಾಕುವ ಸಾಮಾನಾ?" ಎಂದರು. ಅವರ ಕೈಕಾಲು ಹಿಡಿದು ಒಂದು ಪಾತ್ರೆ ನೀರು ಒಲೆಯ ಮೇಲೆ ಇಡಿಸಿದೆ. ಮೇಲಿನಿಂದ ಡಾಕ್ಟರಮ್ಮನನ್ನೂ ಕರೆದುತಂದೆ. ಬರುವುದಿಲ್ಲ ಎಂದರು, "ನನ್ನನ್ನ ಕೆಲಸ ಬಿಡಸ್ರಿ, ಆದ್ರ ಒಮ್ಮಿ ನೋಡಿ ಬಿಡಸ್ರಿ" ಎಂದ ಮೇಲೆ ಬಂದರು. ಸ್ಟೆಥಾಸ್ಕೋಪು ಕೊರಳಲ್ಲೇ ಇತ್ತು.

ಭಟ್ಟರು ಪಾತ್ರೆಯೊಳಗೆ ಇಣುಕಿ, "ನೀರು ಚೆನ್ನಾಗಿ ಕಾದಿದೆ, ಅಮ್ಮಾ" ಎಂದರು.

ಹಳೆಯ ಬಲ್ಬು ಮುಳುಗಿಸಿದೆ. ನೀರು ಕೊತಕೊತ ಅನ್ನುತ್ತಿದೆ, ಮುಳ್ಳು ಎಡಗಡೆ ಹೆಣದ ಹಾಗೆ ಬಿದ್ದಿದೆ. ಹೊಸದನ್ನು ಮುಳುಗಿಸಿದೆ. ಮುಳ್ಳು ಒಮ್ಮೆ ನಡುಗಿ, ಮೆಲ್ಲಗೆ ಎದ್ದು, ಹೋಗಿ ೨೧೨ರ ಮೇಲೆ ನಿಂತಿತು. "ಅಯ್ಯೋ, ಜೀವ ಉಂಟು ಇದಕ್ಕೆ!" ಎಂದು ಭಟ್ಟರು ಬಾಯಿ ಬಿಟ್ಟರು.

ಡಾಕ್ಟರಮ್ಮ ಮುಳ್ಳು ನೋಡುತ್ತಿರಲಿಲ್ಲ. ಭಟ್ಟರನ್ನು ನೋಡುತ್ತಿದ್ದರು. "ಈಗ ಎಂತ ಹೇಳಿದ್ರಿ ನೀವು?"

"ನೀರು ಕಾದಿದೆ ಅಂದೆ."

ಅವರು ನನ್ನ ಕಡೆ ತಿರುಗಿದರು. "ಕಾದೈತಿ ಅಂತ ನೀನು ಹೇಳಿದ್ದು... ಬಿಸಿಯಾಗಿದೆ ಅಂತಲಾ?"

"ಮತ್ತೇನ್ರೀ! ಮೂರು ಸಲ ಹೇಳೀನಿ!"

"ದೇವರೇ! ನೀನು ಕೂತು ಕೂತು ಬೇಜಾರಾಗಿ ಹೇಳ್ತಿ ಅಂತ ತಿಳ್ಕೊಂಡೆನಲ್ಲ ನಾನು" ಎಂದು ಹಣೆಗೆ ಕೈ ಹಚ್ಚಿಕೊಂಡರು. ಆಮೇಲೆ ಅವರು ಆಡಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. "ಹೊಟ್ಟೆನೋವು ಅಂತ ಬಂದವರನ್ನು ಎಲ್ಲಿ ನೋವು, ಎಂಥ ನೋವು ಅಂತ ಹತ್ತು ಸಲ ಕೇಳ್ತೇನೆ. ನಿನ್ನನ್ನು ಒಂದು ಸಲ ಕೇಳ್ಲಿಲ್ಲ. ತಪ್ಪು ನನ್ನದು."

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ನಾನು ಗೆದ್ದಂತೆಯೇ. ಆದರೆ ಜೇಬಿನಲ್ಲಿದ್ದ ಗಂಟು ಭಾರವಾಗಿತ್ತು. ತೆಗೆದು ಅವರ ಮುಂದೆ ಹಿಡಿದೆ. ಇದನ್ನು ಕೊಳವೆಗೆ ಕಟ್ಟಿದ್ದು ನಾನೇ, ಅದು ಸೀಳಿದ್ದು ಇದರಿಂದಲೇ, ಸಿಟ್ಟಿನಲ್ಲಿ ಸುಡಲಿ ಎಂದು ಗಾಡಿ ಓಡಿಸಿದ್ದೂ ನಿಜ ಎಂದು ಎಲ್ಲ ಹೇಳಿಬಿಟ್ಟೆ.

"ನೀನು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ. ಯಾಕೆ ಹೇಳಿದೆ?"

"ನಾಳೆ ನಮ್ಮ ಮನೀಗೆ ಹೆರಿಗೀಗೆ ಬರ್ರಿ ಅಂತ ನಿಮ್ಮನ್ನ ಕರೀಬೇಕಲ್ರೀ. ಸುಳ್ಳು ಇಟ್ಕೊಂಡು ಹೆಂಗ ಕರೀಲಿ?"

ಅವರು ಆ ಗಂಟನ್ನು ನನ್ನ ಅಂಗಿಯ ಜೇಬಿಗೆ ತಾವೇ ಇಳಿಸಿದರು. "ಅಮ್ಮ ಕೊಟ್ಟದ್ದನ್ನು ಇಲ್ಲಿ ಇಟ್ಟುಕೋ. ತಂತಿ, ನಳಿಗೆಗೆಲ್ಲ ಕಟ್ಟಬೇಡ. ಹೋಗು, ಮುಳ್ಳು ಹಾಕು. ನಾಳೆ ಎಂಟಕ್ಕೆ ಹೊರಡುವಾ." ತಿಂಗಳ ಕೊನೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಭಟ್ಟರು ನಮ್ಮಿಬ್ಬರಿಗೂ ಕಾಫಿ ಕೊಟ್ಟರು. ಅಡುಗೆಮನೆಯ ಹೊಗೆಯಲ್ಲಿ ನಿಂತು ಕುಡಿದ ಆ ಕಾಫಿಯ ರುಚಿ ಇನ್ನೂ ನಾಲಿಗೆಯ ಮೇಲಿದೆ.

ಮಧ್ಯಾಹ್ನವಿಡೀ ಕೂತು ಹೊಸದನ್ನು ಕೂರಿಸಿದೆ. ಬಲ್ಬು ಇಳಿಸಿ ನಟ್ಟು ಬಿಗಿದೆ. ಕೊಳವೆ ಮುಂಗೋಡೆ ದಾಟುವ ತೂತಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದೆ, ತಗಡು ಉಜ್ಜಬಾರದೆಂದು. ಇಂಜಿನ್ ನಡುಗಿದರೂ ಕೊಳವೆಗೆ ಜಗ್ಗು ಬೀಳದಂತೆ ಎರಡು ಸುರುಳಿ ಸಡಿಲು ಬಿಟ್ಟೆ. ನೀರು ತುಂಬಿ ಗಾಡಿ ಚಾಲು ಮಾಡಿ ಮುಳ್ಳನ್ನೇ ನೋಡುತ್ತ ಕೂತೆ. ಅದು ಮೇಲೆದ್ದು ೧೮೦ರ ಹತ್ತಿರ ನಿಂತಾಗ ಕೈ ತಾನಾಗಿ ಮುಗಿಯಿತು.

ಮೇ ತಿಂಗಳು ಬಂತು. ದಿನ ತುಂಬಲು ಇನ್ನೂ ಹದಿನೈದು ದಿನ ಇತ್ತು. ದಿನ ಹತ್ತಿರವಾದ ಮೇಲೆ ಹೆಂಡತಿಯನ್ನು ಮಾಟುಂಗಕ್ಕೇ ತಂದಿಟ್ಟುಕೊಳ್ಳುವುದೆಂದು ಮಾತಾಗಿತ್ತು. ಒಂದು ಬೆಳಗ್ಗೆ ಹನ್ನೊಂದರ ಸುಮಾರಿಗೆ ಅವಳ ಅಣ್ಣ ವಿಕ್ರೋಳಿಯ ಕಾರ್ಖಾನೆಯಿಂದ ದವಾಖಾನೆಗೆ ಫೋನು ಮಾಡಿದ. ನೋವು ಶುರುವಾಗಿದೆ, ಅವಳನ್ನು ಅಲುಗಿಸುವ ಹಾಗಿಲ್ಲ. ಡಾಕ್ಟರಮ್ಮ ಕೈಯಲ್ಲಿದ್ದ ಕಾಫಿ ಲೋಟ ಹಾಗೇ ಇಟ್ಟು ಎದ್ದರು. ಅವತ್ತು ಹಿಂದೆ ಕೂರದೆ ಮುಂದೆ ನನ್ನ ಪಕ್ಕದಲ್ಲೇ ಕೂತರು.

ಸಾಯನ್, ಕುರ್ಲಾ ದಾಟಿದೆವು. ಆಗ್ರಾ ರೋಡಿನಲ್ಲಿ ಲಾರಿ, ಎತ್ತಿನ ಗಾಡಿಗಳ ಸಾಲು. ಘಾಟ್‌ಕೋಪರ್ ಬಿಟ್ಟು ಬಯಲು ಶುರುವಾದ ಮೇಲೆ ಮುಳ್ಳು ಏರತೊಡಗಿತು. ಇನ್ನೂರು. ಅದಕ್ಕಿಂತ ಮೇಲೆ. ನಾನು ನೋಡಿದೆ, ನೋಡದವನಂತೆ ಕಾಲು ಒತ್ತಿದೆ. ಅಲ್ಲಿ ಅವಳು ಒಬ್ಬಳೇ, ಹಿಂದಿನ ಸಲದ ಹಾಗೆ. ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

"ಗಾಡಿ ಕಾದಿದೆ" ಎಂದರು ಡಾಕ್ಟರಮ್ಮ. "ನಿಲ್ಲಿಸು."

"ಎರಡ ಮೈಲಿ ಐತ್ರೀ ಬಾಯಾರ, ಕೈ ಮುಗೀತೀನಿ."

"ಇಂಜಿನ್ ಸುಟ್ರೆ ಎರಡು ಮೈಲು ನಾನು ನಡೆದು ಮುಟ್ಟುವಾಗ ಎಷ್ಟು ಹೊತ್ತಾಗ್ತದೆ? ಮುಳ್ಳು ಹಾಕಿದ್ದು ನೀನೇ ಅಲ್ವಾ? ಅದು ಹೇಳಿದ್ದು ಕೇಳು. ನಿಲ್ಲಿಸು. ಕಾಯುವಾ."

ನಿಲ್ಲಿಸಿದೆ. ಬಾನೆಟ್ ಎತ್ತಿದರೆ ರೇಡಿಯೇಟರಿನ ಕೆಳಗಿನ ರಬ್ಬರ್ ನಳಿಗೆಯ ಪಟ್ಟಿ ಸಡಿಲಾಗಿ ನೀರು ಸೋರುತ್ತಿತ್ತು. ತಂತಿ ಸುತ್ತಿ ಬಿಗಿಯುವುದು ಎರಡು ನಿಮಿಷದ ಕೆಲಸ. ಆದರೆ ಕಾದ ಇಂಜಿನ್ನಿಗೆ ತಣ್ಣೀರು ಹೊಯ್ದರೆ ಸೀಳುತ್ತದೆ. ಮುಳ್ಳು ಇಳಿಯುವ ತನಕ ಏನೂ ಮಾಡುವಂತಿಲ್ಲ. ನಾನು ರಸ್ತೆಯಲ್ಲಿ ಆಚೆ ಈಚೆ ಓಡಾಡುತ್ತ ಆ ನಳಿಗೆಗೆ, ಬಿಸಿಲಿಗೆ, ನನ್ನ ಹಣೆಬರಹಕ್ಕೆ ಬೈದೆ. ಡಾಕ್ಟರಮ್ಮ ಕೊಡೆ ಬಿಚ್ಚಿ, ಮೈಲಿಗಲ್ಲಿನ ಮೇಲೆ ಕೂತು, "ಬಾ ಇಲ್ಲಿ. ಅಮ್ಮನ ವಿಭೂತಿ ಎಲ್ಲಿ ಉಂಟು?" ಎಂದರು. ಜೇಬಿನಿಂದ ತೆಗೆದೆ. ಚೂರು ಉಜ್ಜಿ ನನ್ನ ಹಣೆಗೆ ಹಚ್ಚಿ, ತಮ್ಮ ಹಣೆಗೂ ಹಚ್ಚಿಕೊಂಡರು. ಆಮೇಲೆ ನನ್ನ ಮುಂಗೈ ಹಿಡಿದು ನಾಡಿ ನೋಡಿ, "ನೀನೂ ಕಾದಿದ್ದಿ. ಮೊದಲು ನೀನು ತಣ್ಣಗಾಗು" ಎಂದರು. ನಾನು ಅವರ ಕಾಲ ಬುಡದಲ್ಲಿ ಕೂತು ಚಿಕ್ಕ ಹುಡುಗನ ಹಾಗೆ ಅತ್ತೆ.

ಮುಳ್ಳು ಇಳಿಯಲು ಇಪ್ಪತ್ತು ನಿಮಿಷ ಹಿಡಿಯಿತು. ನಳಿಗೆ ಬಿಗಿದು, ಗಾಡಿಯಲ್ಲಿಟ್ಟಿದ್ದ ಡಬ್ಬಿಯ ನೀರನ್ನು ಸ್ವಲ್ಪ ಸ್ವಲ್ಪವೇ ಹೊಯ್ದೆ. ಹಳೆಯ ಸತ್ತ ಮುಳ್ಳು ಇದ್ದಿದ್ದರೆ ನಾನು ಖಂಡಿತ ನಿಲ್ಲಿಸುತ್ತಿರಲಿಲ್ಲ, ಗಾಡಿ ಆ ಬಯಲಿನಲ್ಲೇ ಸುಟ್ಟು ನಿಲ್ಲುತ್ತಿತ್ತು.

ಚಾಳಿಗೆ ಮುಟ್ಟಿದಾಗ ಹೆಂಡತಿಯ ಕೂಗು ಅಂಗಳಕ್ಕೆ ಕೇಳುತ್ತಿತ್ತು. ಡಾಕ್ಟರಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಪಕ್ಕದ ಖೋಲಿಯ ವಿಜಾಪುರದ ಆಯಿ ಅವರ ಜೊತೆ ನಿಂತಳು. ನೀರು ಕಾಸಲು ಹೇಳಿ ಕಳಿಸಿದರು, ಕಾಸಿಕೊಟ್ಟೆ. ಇನ್ನೊಂದು ಸಲ ಕಾಸಿದೆ. ಆಮೇಲೆ ಕೂಗೂ ನಿಂತಿತು. ಒಳಗೆ ಏನು ನಡೆದಿದೆ ಎಂದು ಕೇಳಲು ಧೈರ್ಯವಿಲ್ಲದೆ ಗಾಡಿಯಲ್ಲಿ ಹೋಗಿ ಕೂತೆ. ಅಷ್ಟರಲ್ಲಿ ಕಾರ್ಖಾನೆಯ ಭೋಂಗಾ ಊದಿತು. ಹಾಳಾದದ್ದು ಎಷ್ಟು ಹೊತ್ತು ಊದಿತೋ, ಬೇರೆ ಯಾವ ಸದ್ದೂ ಕಿವಿಗೆ ಬೀಳಲಿಲ್ಲ. ಸ್ಟೇರಿಂಗ್ ಹಿಡಿದು, ತಣ್ಣಗೆ ಇಳಿಯುತ್ತಿದ್ದ ಮುಳ್ಳನ್ನೇ ನೋಡುತ್ತಿದ್ದೆ.

ಆಯಿ ಬಂದು ಗಾಡಿಯ ಬಾಗಿಲು ಬಡಿದಳು. ಮುಖ ನೋಡಿದರೆ ಏನೂ ತಿಳಿಯಲಿಲ್ಲ, ಬೆವರೋ ಕಣ್ಣೀರೋ, ಎಲ್ಲ ಒಂದೇ ಆಗಿತ್ತು.

"ತಮ್ಮಾ, ಡಾಕ್ಟರಬಾಯಾರು ಹೇಳ್ಯಾರ" ಎಂದಳು, "ಕಾದದ್ದು ಸಾಕಂತ. ಮಗಳು ಬಂದಾಳ, ಒಳಗ ಬಾ."

ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಓಡಿದೆ.